ಹತ್ತನೇ ನಂಬರ್ ಹುಡುಗನನ್ನು ಮೂಲೆಗೆ ತಳ್ಳಿದವನು ನಾನೇ

25 ನಿಮಿಷದಲ್ಲಿ 83 ಸಲ. ಮಕ್ಕಳ ಫುಟ್‌ಬಾಲ್ ಮ್ಯಾಚ್‌ನ ಒಂದು ಹಾಫ್‌ನಲ್ಲಿ, ಕೋಚ್ ಆಗಿ ನಾನು ಅವರಿಗೆ ಎಷ್ಟು ಸಲ ಕೂಗಿ ಹೇಳಿದೆ ಅಂತ ನನ್ನ ಹೆಂಡತಿ ದಿನಸಿ ಚೀಟಿಯ ಹಿಂದೆ ಗೀಟು ಹಾಕಿ ಎಣಿಸಿದ್ದಳು. ಮ್ಯಾಚ್ ಮುಗಿಸಿ ಕಾರಲ್ಲಿ ಕೂತ ಮೇಲೆ ಚೀಟಿ ನನ್ನ ಕೈಗೆ ಕೊಟ್ಟಳು. “ರೀ, ಎಲ್ಲಾ ನೀವೇ ಹೇಳಿಬಿಟ್ಟರೆ ಆ ಮಕ್ಕಳು ಯೋಚನೆ ಮಾಡೋದು ಯಾವಾಗ?” ಅಂದಳು. ನನಗೆ ಸಿಟ್ಟು ಬಂತು, ಮಾತಾಡಲಿಲ್ಲ. ಚೀಟಿ ಎರಡು ದಿನ ಡ್ಯಾಶ್‌ಬೋರ್ಡ್ ಮೇಲೇ ಬಿದ್ದಿತ್ತು. ಒಂದು ಕಡೆ ತೊಗರಿಬೇಳೆ, ಹಸಿಮೆಣಸಿನಕಾಯಿ. ಇನ್ನೊಂದು ಕಡೆ ನನ್ನ ಕೂಗಾಟ.

ಇದು 2022ರ ಅಕ್ಟೋಬರ್ ಮಾತು. ನಮ್ಮ ಮನೆ ಇರೋದು ನ್ಯೂಜೆರ್ಸಿಯ ಎಡಿಸನ್ ಹತ್ತಿರ. ಮಗನನ್ನು ಊರಿನ ರಿಕ್ರಿಯೇಷನ್ ಲೀಗ್‌ಗೆ ಸೇರಿಸೋಕೆ ಹೋದಾಗ, ಕೋಚ್ ಸಿಕ್ಕಿಲ್ಲ, ಅಪ್ಪ ಅಮ್ಮಂದಿರಲ್ಲೇ ಯಾರಾದರೂ ಬನ್ನಿ ಅಂದರು. ನಾನು ಬೆಂಗಳೂರಿನ ಆಸ್ಟಿನ್ ಟೌನ್ ಪಕ್ಕ ಬೆಳೆದವನು. ನಮ್ಮ ಕಡೆ ಕ್ರಿಕೆಟ್‌ಗಿಂತ ಫುಟ್‌ಬಾಲ್ ಹುಚ್ಚೇ ಜಾಸ್ತಿ. ಹಲಸೂರಿನ ಗೌತಮಪುರದಲ್ಲಂತೂ ಪೆಲೆಯ ಪ್ರತಿಮೆಯೇ ಇದೆ. ಹಾಗಾಗಿ ಧೈರ್ಯವಾಗಿ ಕೈ ಎತ್ತಿದೆ. ಇಲ್ಲಿನ ಫುಟ್‌ಬಾಲ್ ಸಂಸ್ಥೆ ಯು.ಎಸ್. ಸಾಕರ್ ಹೊಸ ಕೋಚ್‌ಗಳಿಗೆ ನಡೆಸುವ ಗ್ರಾಸ್‌ರೂಟ್ಸ್ ಕೋರ್ಸ್ ಮಾಡಿದೆ. ಮೊದಲು ಆಟ, ಆಮೇಲೆ ಅಭ್ಯಾಸ, ಮತ್ತೆ ಆಟ, ಮಕ್ಕಳೇ ದಾರಿ ಹುಡುಕಲಿ ಅಂತ ಅಲ್ಲಿ ಚೆನ್ನಾಗಿಯೇ ಹೇಳಿಕೊಡುತ್ತಾರೆ. ಮೈದಾನಕ್ಕೆ ಇಳಿದ ಮೊದಲ ಶನಿವಾರವೇ ಎಲ್ಲಾ ಮರೆತೆ.

ನಮ್ಮದು ಹತ್ತು ವರ್ಷದೊಳಗಿನವರ ಟೀಮ್, ಏಳು ಜನರ ಆಟ. ಅದರಲ್ಲಿ ಒಬ್ಬ ಇದ್ದ. ಈಕ್ವೆಡಾರ್ ಮೂಲದ ಮನೆಯ ಹುಡುಗ. ಜರ್ಸಿ ಮೊಣಕಾಲಿನವರೆಗೆ ಇಳಿಯುತ್ತಿತ್ತು, ಅಷ್ಟು ಸಣ್ಣವನು. ಅವನನ್ನು ನಡುವೆ, ಆಟ ಕಟ್ಟುವ ‘ಹತ್ತನೇ ನಂಬರ್’ ಜಾಗದಲ್ಲಿ ನಿಲ್ಲಿಸಿದ್ದೆ. ಮೂರನೇ ಮ್ಯಾಚ್‌ನಲ್ಲಿ ನಮ್ಮ ಗೋಲಿನಿಂದ ಹದಿನೈದು ಹೆಜ್ಜೆ ದೂರದಲ್ಲಿ ಚೆಂಡು ಸಿಕ್ಕಿತು. ಎದುರಿಗೆ ಇಬ್ಬರು ಓಡಿ ಬಂದರು. ಅವನು ಹಿಂದೆ ತಿರುಗಿಯೂ ನೋಡದೆ ಹಿಮ್ಮಡಿಯಲ್ಲಿ ಚೆಂಡನ್ನು ಎಡಕ್ಕೆ ತಳ್ಳಿದ. ಅಲ್ಲಿ ನನ್ನ ಮಗ ನಿಂತಿದ್ದ, ಪೂರ್ತಿ ಖಾಲಿ ಜಾಗದಲ್ಲಿ. ಪಾಸ್ ಸರಿಯಾಗೇ ಇತ್ತು. ಆದರೆ ಪಾಸ್ ಬರುತ್ತೆ ಅಂತ ನನ್ನ ಮಗನಿಗೆ ಗೊತ್ತಿರಲಿಲ್ಲ. ಎದುರಾಳಿ ಎತ್ತಿಕೊಂಡು ಗೋಲ್ ಹೊಡೆದ.

“ಆಟ ಆಡಬೇಡ, ಕ್ಲಿಯರ್ ಮಾಡು!” ಅಂತ ಕೂಗಿದೆ. ಚೆಂಡನ್ನು ದೂರ ಒದ್ದುಬಿಡು ಅಂತ. ಆಟ ಆಡೋಕೆ ಬಂದ ಮಗುವಿಗೆ ಆಟ ಆಡಬೇಡ ಅಂದೆ, ನೋಡಿ.

ಮುಂದಿನ ವಾರ ಅವನನ್ನು ಬಲಗಡೆ ಗೆರೆಯ ಪಕ್ಕಕ್ಕೆ ಹಾಕಿದೆ. ಅಲ್ಲಿ ತಪ್ಪು ಮಾಡಿದರೆ ಚೆಂಡು ಗೆರೆ ದಾಟಿ ಹೊರಗೆ ಹೋಗುತ್ತೆ, ಅಷ್ಟೇ. ನಡುವೆ ನಮ್ಮ ಟೀಮಿನ ಅತಿ ಎತ್ತರದ ಹುಡುಗನನ್ನು ನಿಲ್ಲಿಸಿದೆ. ಅವನು ಬಂದ ಚೆಂಡನ್ನೆಲ್ಲ ಬಲವಾಗಿ ಮುಂದಕ್ಕೆ ಒದೆಯುತ್ತಿದ್ದ. ಸಾಲಾಗಿ ನಾಲ್ಕು ಮ್ಯಾಚ್ ಗೆದ್ದೆವು! ಅಪ್ಪಂದಿರು ಬಂದು ಕೈ ಕುಲುಕಿದರು. ನನ್ನ ನಿರ್ಧಾರ ಸರಿ ಅಂತ ಇದಕ್ಕಿಂತ ಇನ್ನೇನು ಸಾಕ್ಷಿ ಬೇಕು?

ಅಮೆರಿಕದ ಫುಟ್‌ಬಾಲ್ ಬಗ್ಗೆ ಒಂದು ಹಳೇ ದೂರು ಇದೆ. ಇಲ್ಲಿ ಓಡುವವರು ಸಿಗುತ್ತಾರೆ, ಚೆಂಡು ಕಿತ್ತುಕೊಳ್ಳುವವರು ಸಿಗುತ್ತಾರೆ, ಒಳ್ಳೆಯ ಗೋಲಿಗಳಿಗಂತೂ (ಗೋಲ್‌ಕೀಪರ್‌ಗಳಿಗೆ) ಬರವಿಲ್ಲ. ನಡುವೆ ನಿಂತು ಆಟ ಕಟ್ಟುವವನು, ಅಂದರೆ ‘ಹತ್ತನೇ ನಂಬರ್’, ಅವನು ಮಾತ್ರ ಯಾಕೆ ಹುಟ್ಟುವುದಿಲ್ಲ ಅಂತ. 2017ರ ಅಕ್ಟೋಬರ್ 10ರಂದು ಅಮೆರಿಕ ತಂಡ ಟ್ರಿನಿಡಾಡ್‌ನ ಕೂವಾದಲ್ಲಿ 2–1ರಿಂದ ಸೋತು 2018ರ ವಿಶ್ವಕಪ್‌ನಿಂದ ಹೊರಗೆ ಬಿದ್ದಾಗ ಈ ದೂರು ಮತ್ತೆ ಜೋರಾಯಿತು. ಇಲ್ಲಿನ ದೊಡ್ಡ ಲೀಗ್ ಎಂಎಲ್‌ಎಸ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ನೋಡಿ. 2020ರಲ್ಲಿ ಪೊಜುಯೆಲೊ, 2021ರಲ್ಲಿ ಕಾರ್ಲೆಸ್ ಗಿಲ್, ಇಬ್ಬರೂ ಸ್ಪೇನ್‌ನವರು. 2022ರಲ್ಲಿ ಜರ್ಮನಿಯ ಹಾನಿ ಮುಖ್ತಾರ್, 2023ರಲ್ಲಿ ಅರ್ಜೆಂಟೀನಾದ ಅಕೋಸ್ಟಾ, 2024ರಲ್ಲಿ ಮೆಸ್ಸಿ. ಆಟ ಕಟ್ಟುವವರು ಬೇಕು ಅಂದರೆ ಕ್ಲಬ್‌ಗಳು ಹೊರಗಿನಿಂದ ಕೊಂಡು ತರುತ್ತವೆ. ಲೀಗ್ ಶುರುವಾದ 1996ರಲ್ಲಿ ಈ ಪ್ರಶಸ್ತಿ ಗೆದ್ದವರು ಕೊಲಂಬಿಯಾದ ವಾಲ್ಡೆರಾಮಾ. ಆಗಲೂ ಇದೇ ರೂಢಿ.

ಹಾಗಂತ ಅಮೆರಿಕದಲ್ಲಿ ಅಂಥವರು ಇಲ್ಲವೇ ಇಲ್ಲ ಅನ್ನೋದೂ ತಪ್ಪು. ಕ್ಲಾಡಿಯೊ ರೇನಾ ನಮ್ಮ ನ್ಯೂಜೆರ್ಸಿಯಲ್ಲೇ ಹುಟ್ಟಿದವರು. 2002ರಲ್ಲಿ ಅಮೆರಿಕ ವಿಶ್ವಕಪ್ ಕ್ವಾರ್ಟರ್ ಫೈನಲ್ ಮುಟ್ಟಿದಾಗ ನಾಯಕ ಅವರೇ. ಈಗ ಮಗ ಜಿಯೊ ಆಡುತ್ತಾನೆ. ಡಿಯೇಗೊ ಲೂನಾ ಇದ್ದಾನೆ. ಹೆಂಗಸರ ತಂಡದಲ್ಲಿ ರೋಸ್ ಲವೆಲ್ ಆಡೋದು ನೋಡಿದರೆ ಈ ಚರ್ಚೆಯೇ ಬೇಡ ಅನ್ನಿಸುತ್ತೆ. ಒಂಬತ್ತು ವರ್ಷದ ವಯಸ್ಸಿನಲ್ಲಿ ಇಂಥ ಮಕ್ಕಳಿಗೆ ಕೊರತೆ ಇಲ್ಲ ಅನ್ನೋದು ನನ್ನ ಲೆಕ್ಕ. ಪ್ರತಿ ಸೀಸನ್‌ನಲ್ಲೂ ಒಬ್ಬರಾದರೂ ಕಣ್ಣಿಗೆ ಬೀಳುತ್ತಾರೆ. ಹದಿಮೂರು ಹದಿನಾಲ್ಕಕ್ಕೆ ಅವರು ಕಾಣೆಯಾಗುತ್ತಾರೆ. ಕಾಣೆ ಮಾಡುವುದು ಯಾವುದೋ ದೊಡ್ಡ ಸಂಸ್ಥೆ ಅಂತ ನಾನೂ ಅಂದುಕೊಂಡಿದ್ದೆ. ಚೀಟಿಯ ಮೇಲಿನ 83 ಗೀಟು ಬೇರೆ ಕಥೆ ಹೇಳುತ್ತಿತ್ತು.

ಆ ಚಳಿಗಾಲ ಮೂರು ಕೆಲಸ ಮಾಡಿದೆ.

ಮೊದಲನೆಯದು ಬಾಯಿಗೆ ಬೀಗ. ಮ್ಯಾಚ್ ಶುರುವಾಗುವಾಗ ಶುಂಠಿ ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಳ್ಳುವುದು, ಅದು ಕರಗುವ ತನಕ ಮಾತಿಲ್ಲ. ಸುಲಭ ಅಂತ ಕಾಣುತ್ತೆ, ಅಲ್ವಾ? ಮೊದಲ ದಿನ ಎರಡೇ ನಿಮಿಷದಲ್ಲಿ ಕಟಕಟ ಅಗಿದು ನುಂಗಿದೆ.

ಎರಡನೆಯದು ನಾಲ್ಕು ಗೋಲಿನ ಆಟ. ನಾಲ್ಕು ನಾಲ್ಕು ಮಕ್ಕಳ ಎರಡು ಗುಂಪು. ಒಂದೊಂದು ಗುಂಪಿಗೆ ಎರಡೆರಡು ಸಣ್ಣ ಗೋಲು, ಅಗಲದ ಎರಡು ತುದಿಗೆ ಕೋನ್ ಇಟ್ಟು ಮಾಡಿದ್ದು. ಒಂದು ಗೋಲಿನ ಮುಂದೆ ಜನ ತುಂಬಿದರೆ ಇನ್ನೊಂದು ಖಾಲಿ ಇರುತ್ತೆ. ಅದನ್ನು ಕಾಣಬೇಕು ಅಂದರೆ ತಲೆ ಎತ್ತಬೇಕು, ಚೆಂಡಿನ ಜೊತೆ ತಿರುಗಬೇಕು. “ತಿರುಗು” ಅಂತ ನಾನು ಹೇಳಬೇಕಾಗಿಲ್ಲ, ಆಟವೇ ಹೇಳುತ್ತೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಶಾಲೆಯ ಜಿಮ್‌ನಲ್ಲಿ ಫುಟ್ಸಾಲ್, ಅಂದರೆ ಒಳಾಂಗಣ ಫುಟ್‌ಬಾಲ್‌ನ, ಚೆಂಡಿನಲ್ಲಿ ಇದನ್ನೇ ಆಡಿಸಿದೆ. ಆ ಚೆಂಡು ಹೆಚ್ಚು ಪುಟಿಯುವುದಿಲ್ಲ. ಎತ್ತರದ ಹುಡುಗ ಅಭ್ಯಾಸದಂತೆ ಬಲವಾಗಿ ಒದ್ದ. ಚೆಂಡು ಗೋಡೆಗೆ ಬಡಿದು ವಾಪಸ್ ಎದುರಾಳಿಯ ಕಾಲಿಗೇ ಬಂತು. ಎರಡು ವಾರದಲ್ಲಿ ಒದೆಯೋದು ತಾನಾಗೇ ನಿಂತಿತು.

ಮೂರನೆಯದು ಬೆರಳಾಟ. ಇದು ನನಗೆ ಜಾಸ್ತಿ ಕಲಿಸಿತು. ಒಬ್ಬ ಹುಡುಗ ನಡುವೆ ನಿಲ್ಲುತ್ತಾನೆ. ಇನ್ನೊಬ್ಬ ಎದುರಿನಿಂದ ಪಾಸ್ ಕೊಡುತ್ತಾನೆ. ಬೆನ್ನ ಹಿಂದೆ ನಾನು ನಿಂತು ಬೆರಳು ತೋರಿಸುತ್ತೇನೆ. ಚೆಂಡು ಕಾಲಿಗೆ ತಾಗುವ ಮುಂಚೆ ಎಷ್ಟು ಬೆರಳು ಅಂತ ಹೇಳಬೇಕು. ಕ್ರಿಕೆಟ್‌ನಲ್ಲಿ ಒಳ್ಳೆಯ ಬ್ಯಾಟ್ಸ್‌ಮನ್ ಬೌಲರ್ ಓಡಿ ಬರುವ ಮುಂಚೆಯೇ ಫೀಲ್ಡರ್‌ಗಳ ನಡುವಿನ ಗ್ಯಾಪ್ ನೋಡಿಟ್ಟುಕೊಳ್ಳುತ್ತಾನಲ್ಲ, ಅದೇ ವಿದ್ಯೆ. ಮೊದಲ ವಾರ ಎಲ್ಲರೂ ಬಾಯಿಗೆ ಬಂದ ಸಂಖ್ಯೆ ಹೇಳಿದರು. ನನ್ನ ಮಗನದ್ದು ಯಾವಾಗಲೂ “ಮೂರು”.

ಸಣ್ಣವನು ಮಾತ್ರ ಒಂದೂ ತಪ್ಪಲಿಲ್ಲ. ಬೇಕಂತಲೇ ಚೆಂಡು ದಾರಿಯಲ್ಲಿ ಇರುವಾಗ ಬೆರಳು ಬದಲಾಯಿಸಿದೆ. ಅದನ್ನೂ ಹೇಳಿದ. ಆಮೇಲೆ ಫೋನಲ್ಲಿ ವಿಡಿಯೋ ತೆಗೆದು ನಿಧಾನ ಮಾಡಿ ನೋಡಿದೆ. ಪಾಸ್ ಹೊರಡುವ ಮುಂಚೆ ಒಂದು ಸಲ, ಚೆಂಡು ಉರುಳಿ ಬರುವಾಗ ಇನ್ನೊಂದು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದ. ಕುತ್ತಿಗೆ ಅಲ್ಲಾಡಿದ್ದೂ ಗೊತ್ತಾಗುತ್ತಿರಲಿಲ್ಲ. ಅಕ್ಟೋಬರ್‌ನಲ್ಲಿ ಆ ಹಿಮ್ಮಡಿ ಪಾಸ್ ಕೊಟ್ಟಾಗ ನನ್ನ ಮಗ ಎಲ್ಲಿದ್ದಾನೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ನೋಡದೆ ಕೊಟ್ಟ ಪಾಸ್ ಅಂತ ಅಂದುಕೊಂಡವನು ನಾನು. ನೋಡದೆ ಇದ್ದವನೂ ನಾನೇ.

ಎಲ್ಲಿಂದ ಕಲಿತೆ ಅಂತ ಕೇಳಿದೆ. ಭಾನುವಾರ ಅಪ್ಪನ ಜೊತೆ ದೊಡ್ಡವರ ಆಟಕ್ಕೆ ಹೋಗುತ್ತೇನೆ ಅಂದ. ಅಲ್ಲಿ ಹಿಂದೆ ನೋಡದಿದ್ದರೆ ಯಾರಾದರೂ ಬಂದು ಗುದ್ದಿಬಿಡುತ್ತಾರಂತೆ.

ಎತ್ತರದ ಹುಡುಗನೂ ಆರು ವಾರಕ್ಕೆ ಹತ್ತರಲ್ಲಿ ಏಳು ಸರಿ ಹೇಳತೊಡಗಿದ. ಹುಟ್ಟಿನಿಂದ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವವರಿಗೆ ನಾನು ಈ ಹುಡುಗನನ್ನೇ ತೋರಿಸುತ್ತೇನೆ.

2023ರ ವಸಂತದಲ್ಲಿ ಸಣ್ಣವನನ್ನು ಮತ್ತೆ ನಡುವೆ ತಂದೆ. ಏಳು ಜನರ ಆಟದಲ್ಲಿ ಒಂದು ಒಳ್ಳೆಯ ನಿಯಮ ಇದೆ. ಗೋಲಿಯ ಕೈಗೆ ಚೆಂಡು ಸಿಕ್ಕಿದಾಗ ಎದುರಾಳಿಗಳು ಬಿಲ್ಡ್-ಔಟ್ ಗೆರೆಯ, ಅಂದರೆ ಗೋಲಿಗೂ ನಡುಗೆರೆಗೂ ಮಧ್ಯೆ ಎಳೆದ ಗೆರೆಯ, ಹಿಂದಕ್ಕೆ ಹೋಗಬೇಕು. ಗೋಲಿ ಕೈಯಿಂದ ಬಿಟ್ಟು ಉದ್ದಕ್ಕೆ ಒದೆಯುವ ಹಾಗಿಲ್ಲ. ಮಕ್ಕಳು ಹಿಂದಿನಿಂದ ಪಾಸ್ ಕೊಟ್ಟುಕೊಂಡು ಬರಲಿ ಅಂತಲೇ 2017ರಿಂದ ಕಡ್ಡಾಯ ಮಾಡಿದ ಸಣ್ಣ ಮೈದಾನದ ಆಟದ ಜೊತೆ ಇದು ಬಂತು. ಆದರೆ ಕೋಚ್‌ಗಳು ಬಲು ಜಾಣರು. ಚೆಂಡು ಗೋಲಿಯ ಕೈ ಬಿಟ್ಟ ಕ್ಷಣ ಮೂವರು ನುಗ್ಗುವಂತೆ ತಯಾರು ಮಾಡಿರುತ್ತಾರೆ. ಮೊದಲ ಎರಡು ಮ್ಯಾಚ್ 6–1, 5–0. ಸೋತಿದ್ದು ನಾವು.

ಎರಡನೇ ಮ್ಯಾಚ್ ಆದ ಮೇಲೆ ಪಾರ್ಕಿಂಗ್‌ನಲ್ಲಿ ದಾವಣಗೆರೆ ಕಡೆಯ ಒಬ್ಬ ಅಪ್ಪ ನಿಲ್ಲಿಸಿದರು. “ಸಾರ್, ತಪ್ಪು ತಿಳ್ಕೋಬೇಡಿ. ಗೋಲ್ ಮುಂದೆ ಚೆಂಡು ಇಟ್ಕೊಂಡು ಪಾಸ್ ಆಡೋದು ಯಾಕೆ? ಸುಮ್ನೆ ಒದ್ದು ಆಚೆ ಹಾಕಿದ್ರೆ ಆಗಲ್ವಾ?”

“ಆಗುತ್ತೆ ಸಾರ್. ಆದ್ರೆ ಆಮೇಲೆ ಅದೊಂದೇ ಬರುತ್ತೆ.”

ಅವರಿಗೆ ಸಮಾಧಾನ ಆಗಲಿಲ್ಲ. ಮುಂದಿನ ಸೀಸನ್‌ಗೆ ಮಗನನ್ನು ದುಡ್ಡು ಕೊಟ್ಟು ಆಡುವ ಟ್ರಾವೆಲ್ ಟೀಮಿಗೆ ಸೇರಿಸಿದರು. ನಾನು ಅವರನ್ನು ತಪ್ಪು ಅನ್ನಲ್ಲ. ವರ್ಷಕ್ಕೆ ಸಾವಿರಗಟ್ಟಲೆ ಡಾಲರ್ ಕಟ್ಟಿದವರು ಗೆಲುವು ಕೇಳುತ್ತಾರೆ. ಅಲ್ಲಿನ ಕೋಚ್‌ಗೆ ಮುಂದಿನ ವರ್ಷವೂ ಮಕ್ಕಳು ಬೇಕು. ಸಂಬಳವಿಲ್ಲದ ನನಗೇ ನಾಲ್ಕು ಗೆಲುವು ತಲೆಗೇರಿತ್ತು, ಇನ್ನು ಹೊಟ್ಟೆಪಾಡಿನವರ ಮಾತೇನು?

ನಮ್ಮ ಗೆಲುವು ಸೋಲು ಆಮೇಲೆ ಅರ್ಧಂಬರ್ಧ ಆಯಿತು. ದೊಡ್ಡ ಪವಾಡ ಏನೂ ಇಲ್ಲ. ನಾನೂ ಒಂದು ಕಟ್ಟಳೆ ಇಟ್ಟುಕೊಂಡೆ: ನಮ್ಮ ಗೋಲಿನ ಎದುರು ಹಿಮ್ಮಡಿ ಬೇಡ, ನಡುಗೆರೆ ದಾಟಿದ ಮೇಲೆ ಏನು ಬೇಕಾದರೂ ಮಾಡು. ಸಣ್ಣವನು ಮೇ ತಿಂಗಳಲ್ಲಿ ಒಂದು ಮ್ಯಾಚ್‌ನಲ್ಲಿ ಅದನ್ನೂ ಮುರಿದ. ಈ ಸಲ ನನ್ನ ಮಗ ಪಾಸ್‌ಗೆ ಕಾದು ನಿಂತಿದ್ದ.

ಬೀದಿ ಆಟ ಇದ್ದರೆ ಎಲ್ಲಾ ಸರಿಹೋಗುತ್ತೆ ಅನ್ನುವವರು ಇದ್ದಾರೆ. ಗಲ್ಲಿ ಸಾಕು ಅಂತಿದ್ದರೆ ನಾವು ಬೆಂಗಳೂರಿನವರು ಯಾವತ್ತೋ ವಿಶ್ವಕಪ್ ಆಡಬೇಕಿತ್ತು. ಗಲ್ಲಿಗಿಂತ ಯಾರ ಜೊತೆ ಆಡುತ್ತೀರಿ ಅನ್ನೋದು ದೊಡ್ಡದು ಅಂತ ನನಗೆ ಅನ್ನಿಸಿದ್ದು ಕರ್ನಿಯಿಂದ. ನಮ್ಮ ಮನೆಯಿಂದ ಅಂಥಾ ದೂರವಿಲ್ಲ, ಸಣ್ಣ ಊರು. ದಾರದ ಗಿರಣಿ ಕೆಲಸಕ್ಕೆ ಸ್ಕಾಟ್ಲೆಂಡ್‌ನವರು ಬಂದರು, ಆಮೇಲೆ ಪೋರ್ಚುಗಲ್, ದಕ್ಷಿಣ ಅಮೆರಿಕದವರು. ಜಾನ್ ಹಾರ್ಕ್ಸ್, ಟೋನಿ ಮಿಯೋಲಾ, ಟ್ಯಾಬ್ ರಾಮೋಸ್ ಮೂವರೂ ಅಲ್ಲಿ ಬೆಳೆದು 1990ರ ವಿಶ್ವಕಪ್ ಆಡಿದರು. ಟೆಕ್ಸಸ್‌ನ ನಾಕಡೋಚಸ್‌ನ ಕ್ಲಿಂಟ್ ಡೆಂಪ್ಸಿ ಮೆಕ್ಸಿಕೋದಿಂದ ಬಂದವರ ಜೊತೆ ಆಡುತ್ತಾ ಬೆಳೆದು ಅಮೆರಿಕಕ್ಕೆ 57 ಗೋಲ್ ಹೊಡೆದ. ನಮ್ಮ ಸಣ್ಣವನಿಗೆ ಭಾನುವಾರ ಸಿಕ್ಕಿದ್ದೂ ಇದೇ.

ಆದರೂ ಅವನ ದಾರಿ ಸಲೀಸಾಗಲಿಲ್ಲ. ಎರಡು ವರ್ಷ ಸಾಲಾಗಿ ಒಂದು ಕ್ಲಬ್‌ನ ಆಯ್ಕೆಗೆ ಹೋದ. ಎರಡೂ ಸಲ ಬಂದ ಉತ್ತರ ಒಂದೇ: ಕಾಲು ಚೆನ್ನಾಗಿದೆ, ಆಳು ಸಣ್ಣ. ಅವನು ಹುಟ್ಟಿದ್ದು 2013ರ ನವೆಂಬರ್‌ನಲ್ಲಿ. ಇಲ್ಲಿ ಇಷ್ಟು ವರ್ಷ ಮಕ್ಕಳನ್ನು ಜನವರಿಯಿಂದ ಡಿಸೆಂಬರ್ ಲೆಕ್ಕದಲ್ಲಿ ಗುಂಪು ಮಾಡುತ್ತಿದ್ದರು. ನಮ್ಮ ಎತ್ತರದ ಹುಡುಗ ಅದೇ ವರ್ಷದ ಜನವರಿಯವನು. ಆ ವಯಸ್ಸಿನಲ್ಲಿ ಹತ್ತು ತಿಂಗಳು ಅಂದರೆ ಎತ್ತರದಲ್ಲಿ ವ್ಯತ್ಯಾಸ ಎದ್ದು ಕಂಡರೂ ಆಶ್ಚರ್ಯವಿಲ್ಲ. ಆಯ್ಕೆಗೆ ಕೂತವರ ಕಣ್ಣಿಗೆ ಎತ್ತರ ಮೊದಲು ಬೀಳುತ್ತೆ, ಭುಜದ ಮೇಲಿನ ಆ ಕಳ್ಳನೋಟ ಬೀಳಲ್ಲ. ನನಗೇ ವಿಡಿಯೋ ನಿಧಾನ ಮಾಡಿದ ಮೇಲೆ ಕಂಡಿದ್ದು.

2026–27ರ ಸೀಸನ್‌ನಿಂದ ಹೆಚ್ಚಿನ ಲೀಗ್‌ಗಳಲ್ಲಿ ಲೆಕ್ಕ ಆಗಸ್ಟ್ 1ರಿಂದ ಶುರು. ಅಂದರೆ ನವೆಂಬರ್‌ನ ಈ ಹುಡುಗ ತನ್ನ ಗುಂಪಿನಲ್ಲಿ ದೊಡ್ಡವರ ಸಾಲಿಗೆ ಸೇರುತ್ತಾನೆ. ಮೇ, ಜೂನ್, ಜುಲೈನಲ್ಲಿ ಹುಟ್ಟಿದ ಯಾರೋ ಇನ್ನು ಮೇಲೆ ಸಣ್ಣವರಾಗುತ್ತಾರೆ, ಅವರನ್ನು ಯಾರು ಹುಡುಕುತ್ತಾರೋ. ಅವನ ಅಪ್ಪ ಫೋನ್ ಮಾಡಿದ್ದರು. ಮತ್ತೆ ಆಯ್ಕೆಗೆ ಕಳಿಸುತ್ತಾರಂತೆ, ನೀವೂ ಬನ್ನಿ ಅಂದರು. ಬರ್ತೀನಿ ಅಂದೆ. ಪೆಪ್ಪರ್‌ಮಿಂಟ್ ಪೊಟ್ಟಣ ಖಾಲಿಯಾಗಿದೆ, ಅಂಗಡಿಗೆ ಹೋದಾಗ ತರಬೇಕು. ಹೆಂಡತಿ ದಿನಸಿ ಚೀಟಿಯಲ್ಲಿ ಆಗಲೇ ಬರೆದಿದ್ದಾಳೆ, ತೊಗರಿಬೇಳೆಯ ಕೆಳಗೆ.