ತಗ್ಗಿಸಿದ ಪೋಲೋಗೆ ಸರಿಯಾದ ಸ್ಪ್ರಿಂಗ್ ಹುಡುಕಿದ್ದು

ನಾನು ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಮೊದಲೇ ತಗ್ಗಿಸಿದ, ಅಂದರೆ ಬಾಡಿ ನೆಲಕ್ಕೆ ಹತ್ತಿರ ಬರುವಂತೆ ಇಳಿಸಿದ ಕಾರು. ಹಿಂದಿನ ಓನರು ಸ್ಪ್ರಿಂಗಿನ ಒಂದೂವರೆ ಸುತ್ತು ಕತ್ತರಿಸಿ ಹಾಕಿದ್ದರು. ನೋಡಲು ಚಂದವೇ. ಆದರೆ ಬದಿಯಡ್ಕದಲ್ಲಿ ನಮ್ಮ ಮನೆ ಕಡೆಗೆ ಇಳಿಯುವ ಮುರಕಲ್ಲಿನ ದಾರಿಗೆ ಬಂದ ಕೂಡಲೇ ಮುಂದಿನ ಚಕ್ರದ ಮೇಲಿಂದ 'ಠಕ್' ಅಂತ ಸದ್ದು. ಹಿಂದೆ ಕೂತಿದ್ದ ಅಮ್ಮ, "ಇದಕ್ಕೆ ಸ್ಪ್ರಿಂಗೇ ಇಲ್ವಾ ಮಗಾ?" ಅಂದರು.

ಜ್ಯಾಕ್ ಹಾಕಿ ಎತ್ತಿ ನೋಡಿದೆ. ಚಕ್ರ ನೇತಾಡುವಾಗ ಸ್ಪ್ರಿಂಗ್ ತಾನು ಕೂರುವ ಬಟ್ಟಲಿನಲ್ಲಿ ಸಡಿಲವಾಗಿ, ಕೈಯಲ್ಲೇ ತಿರುಗುತ್ತಿತ್ತು. ಇದು ಅಪಾಯ. ದೊಡ್ಡ ಹೊಂಡದಲ್ಲಿ ಚಕ್ರ ಕೆಳಗೆ ಹೋಗಿ ವಾಪಸ್ ಬರುವಾಗ ಸ್ಪ್ರಿಂಗ್ ಜಾಗ ತಪ್ಪಿ ಕೂರಬಹುದು.

ಆಮೇಲೆ ಶಾಕಿನ (ಸ್ಪ್ರಿಂಗಿನ ಕುಣಿತ ಹಿಡಿಯುವ ಶಾಕ್ ಅಬ್ಸಾರ್ಬರಿನ) ರಾಡಿಗೆ ಒಂದು ಸಣ್ಣ ಕೇಬಲ್ ಟೈ ಕಟ್ಟಿ, ಶಾಕಿನ ಬಾಡಿಗೆ ತಾಗುವಂತೆ ಕೆಳಗೆ ಸರಿಸಿಟ್ಟೆ. ಶಾಕ್ ಎಷ್ಟು ಒಳಗೆ ಹೋಗುತ್ತದೋ ಟೈ ಅಷ್ಟು ಮೇಲೆ ಸರಿದು ಅಲ್ಲೇ ನಿಲ್ಲುತ್ತದೆ. ಗೇಟಿನಿಂದ ಹೊರಟು ಮೊದಲ ಹಂಪ್ ದಾಟಿ ಇಳಿದು ನೋಡಿದರೆ ಟೈ ಬಂಪ್ ಸ್ಟಾಪಿಗೆ, ಅಂದರೆ ಶಾಕ್ ಪೂರ್ತಿ ಒಳಗೆ ಹೋಗದಂತೆ ತಡೆಯುವ ಮೆತ್ತೆಗೆ, ಅಂಟಿಕೊಂಡಿತ್ತು. ಸ್ಪ್ರಿಂಗ್ ಕತ್ತರಿಸದ ಇನ್ನೊಂದು ಪೋಲೋದಲ್ಲಿ ಬಂಪ್ ಸ್ಟಾಪಿನವರೆಗೆ 70 ಮಿ.ಮೀ. ಜಾಗ ಇತ್ತು. ನನ್ನದರಲ್ಲಿ ಬರೀ 30.

ಎಲ್ಲರೂ ಮೊದಲು ಕೇಳುವುದು 'ಎಷ್ಟು ತಗ್ಗಿಸಬಹುದು' ಅಂತ. ನಾನೂ ಹಾಗೇ ಕೇಳುತ್ತಿದ್ದೆ. ಕೇಳಬೇಕಾದ್ದು ಉಳಿದ ಜಾಗದಲ್ಲಿ ಹೊಂಡದ ಹೊಡೆತವನ್ನು ಯಾರು ತಡೆಯುತ್ತಾರೆ ಅಂತ. ಜಾಗ ಕಮ್ಮಿಯಾದಷ್ಟೂ ಸ್ಪ್ರಿಂಗ್ ಗಟ್ಟಿ ಬೇಕು. ಅದು ಎಷ್ಟು ಗಟ್ಟಿ ಅಂತ ಲೆಕ್ಕ ಹಾಕಲು ಎರಡು ಅಳತೆ ಬೇಕಿತ್ತು.

ಒಂದು ತೂಕ. ಮುಂದಿನ ಚಕ್ರಗಳನ್ನು ಮಾತ್ರ ವೇಬ್ರಿಡ್ಜಿಗೆ ಹತ್ತಿಸಿದೆ. ನಾನು ಕೂತು 690 ಕೆ.ಜಿ. ಅಂದರೆ ಒಂದು ಚಕ್ರಕ್ಕೆ 345. ಚಕ್ರ, ಬ್ರೇಕ್, ಹಬ್ಬಿನ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ. ಅದಕ್ಕೆ 35 ಕಳೆದರೆ 310. ಎರಡನೆಯದು, ಕಾರಿನ ಜೊತೆ ಬರುವ ಕಂಪನಿ ಸ್ಪ್ರಿಂಗಿನ ಗಟ್ಟಿತನ. ಗುಜರಿಯಿಂದ ಒಂದು ತಂದು ವರ್ಕ್‌ಶಾಪಿನ ಪ್ರೆಸ್ಸಿಗೆ ಇಟ್ಟು, ಅಡಿಯಲ್ಲಿ ನಮ್ಮ ಅಡಿಕೆ ತೂಗುವ ತಕ್ಕಡಿ ಇಟ್ಟೆ. ಪ್ರತಿ 10 ಮಿ.ಮೀ. ಒತ್ತಿದಾಗ 21 ಕೆ.ಜಿ. ಏರುತ್ತಿತ್ತು. ಅಂದರೆ ಮಿಲಿಮೀಟರಿಗೆ 2.1 ಕೆ.ಜಿ.

ಈಗ ನೋಡಿ. 70 ಮಿ.ಮೀ. ಒಳಗೆ ಹೋದಾಗ ಆ ಸ್ಪ್ರಿಂಗ್ 147 ಕೆ.ಜಿ. ಹೆಚ್ಚು ಒತ್ತುತ್ತದೆ. 25 ಮಿ.ಮೀ. ತಗ್ಗಿಸಿದರೆ ಉಳಿಯುವುದು 45. ಅಷ್ಟರಲ್ಲೇ ಆ 147 ಬರಬೇಕಾದರೆ ಸ್ಪ್ರಿಂಗ್ ಮಿಲಿಮೀಟರಿಗೆ 3.3 ಕೆ.ಜಿ. ಆಗಬೇಕು. ಸೆಕೆಂಡಿಗೆ 1.3 ಸಲ ಕುಣಿಯುತ್ತಿದ್ದ ಕಾರಿನ ಮುಂಭಾಗ ಆಗ 1.6 ದಾಟುತ್ತದೆ. ಇದು ಏರಿದಷ್ಟೂ ಸವಾರಿ ಗಡುಸು. ಕುಂಬಳೆ–ಸೀತಾಂಗೋಳಿ ರಸ್ತೆಯಲ್ಲಿ ದಿನಾ ಓಡಾಡುವ, ಅಮ್ಮನನ್ನು ಕೂರಿಸಿಕೊಳ್ಳುವ ಕಾರಿಗೆ ಅದು ಜಾಸ್ತಿ ಅನಿಸಿತು. 15 ಮಾತ್ರ ತಗ್ಗಿಸಿದರೆ 55 ಉಳಿಯುತ್ತದೆ, ಸ್ಪ್ರಿಂಗ್ 2.7 ಸಾಕು, ಕುಣಿತ 1.5ರ ಒಳಗೆ. ಅಲ್ಲಿಗೇ ನಿಲ್ಲಿಸಿದೆ. ನೋಟದಲ್ಲಿ 10 ಮಿ.ಮೀ. ಬಿಟ್ಟುಕೊಟ್ಟೆ, ಅಷ್ಟೇ.

ಐಬಾಕ್‌ನಂಥ ಕಂಪನಿಗಳ ರೆಡಿ ಸ್ಪ್ರಿಂಗುಗಳು ಸಾಮಾನ್ಯವಾಗಿ 25–30 ಇಳಿಸುವಂಥವು. ಹಾಗಾಗಿ ಕೊಯಮತ್ತೂರಿನಲ್ಲಿ ಅಳತೆ ಕೊಟ್ಟು ಮಾಡಿಸಿದೆ. 310 ಕೆ.ಜಿ.ಗೆ 2.7ರ ಸ್ಪ್ರಿಂಗ್ ಸುಮಾರು 115 ಮಿ.ಮೀ. ಕುಗ್ಗುತ್ತದೆ. ಶಾಕ್ ಪೂರ್ತಿ ಹೊರಗೆ ಬಂದಾಗ ಚಕ್ರ ಇಳಿಯುವುದು 105. ಅಂದರೆ 10 ಮಿ.ಮೀ. ಬಿಗಿತ ಉಳಿಯುತ್ತದೆ, ಸ್ಪ್ರಿಂಗ್ ಎಂದೂ ಸಡಿಲ ಆಗುವುದಿಲ್ಲ. ಆರ್ಡರ್ ಕೊಡುವ ಮೊದಲು ನಾನು ಮೂರು ಸಲ ನೋಡಿದ್ದು ಈ ಲೆಕ್ಕವನ್ನೇ.

ಶಾಕ್ ವಿಷಯದಲ್ಲಿ ಎರಡು ಆಯ್ಕೆ ಇಟ್ಟುಕೊಂಡಿದ್ದೆ. ಬಿಲ್‌ಸ್ಟೈನ್ ಬಿ8 ಗಿಡ್ಡ ಶಾಕ್, ತಗ್ಗಿಸಿದ ಕಾರಿಗೇ ಮಾಡಿದ್ದು. ನನ್ನ 15 ಮಿ.ಮೀ.ಗೆ ಅಷ್ಟು ಗಿಡ್ಡ ಬೇಡ. ಕೋನಿ ಕಂಪನಿಯ ಹಳದಿ ಶಾಕ್ ತಗೊಂಡೆ. ಅದರಲ್ಲಿ ರಿಬೌಂಡ್, ಅಂದರೆ ಒತ್ತಿದ ಸ್ಪ್ರಿಂಗ್ ವಾಪಸ್ ಚಾಚುವಾಗ ಹಿಡಿಯುವ ಬಲ, ನಾವೇ ಹೊಂದಿಸಬಹುದು. ಸ್ಪ್ರಿಂಗ್ 2.1ರಿಂದ 2.7 ಆದಾಗ ಶಾಕಿನ ಹಿಡಿತ ಶೇಕಡಾ 13ರಷ್ಟು ಹೆಚ್ಚಿದರೆ ಸಾಕು. ನಾನು ಶುರುವಿನಲ್ಲಿ ಒಂದು ಸುತ್ತು ಪೂರ್ತಿ ಬಿಗಿ ಮಾಡಿದೆ. ಸಾಲಾಗಿ ಹೊಂಡ ಬಂದರೆ ಚಕ್ರ ಕೆಳಗೆ ಬರುವಷ್ಟರಲ್ಲಿ ಮುಂದಿನ ಹೊಂಡ. ಕಾರು ಕುಳಿತುಕೊಂಡೇ ಹೋಗುತ್ತಿತ್ತು. ಅರ್ಧ ಸುತ್ತಿಗೆ ಇಳಿಸಿದ ಮೇಲೆ ಸರಿಯಾಯಿತು.

ಹಿಂದಿನದು ಟಾರ್ಷನ್ ಬೀಮ್, ಅಂದರೆ ಎರಡು ಚಕ್ರಗಳನ್ನೂ ಜೋಡಿಸುವ, ತಿರುಚಿಕೊಳ್ಳುವ ಅಡ್ಡತೊಲೆ. ಅಲ್ಲಿ ಡಿಕ್ಕಿಯಲ್ಲಿ ತೆಂಗಿನಕಾಯಿ ಚೀಲ ಇಟ್ಟಾಗಿನ ಭಾರ ನೋಡಿಯೇ ಸ್ಪ್ರಿಂಗ್ ಆರಿಸಿದೆ. ಮುಂದಿಗಿಂತ ಸ್ವಲ್ಪ ಚುರುಕಾಗಿ ಕುಣಿಯಲಿ ಅಂತ. ಹಾಗಿದ್ದರೆ ಹಂಪ್ ದಾಟಿದ ಮೇಲೆ ಕಾರು ಮುಂದೆ ಹಿಂದೆ ತೂಗುವುದಿಲ್ಲ.

ಫಿಟ್ ಮಾಡಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆ, ಹೆಡ್‌ಲೈಟೂ ಹೊಂದಿಸಿದೆ. ತಗ್ಗಿಸಿದಾಗ ಟೋ (ಚಕ್ರ ಒಳಗೆ ಅಥವಾ ಹೊರಗೆ ಮುಖ ಮಾಡುವ ಕೋನ) ಬದಲಾಗಿ ಟೈರ್ ಒಂದೇ ಬದಿ ಸವೆಯುತ್ತದೆ. ಕೈ ಹಾಕುವ ಮೊದಲು ಆರ್‌ಟಿಓದಲ್ಲಿ ಕೇಳಿಕೊಳ್ಳಿ. ಕಂಪನಿ ಕೊಟ್ಟದ್ದನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ.

ಕೇಬಲ್ ಟೈ ಇನ್ನೂ ಬಿಚ್ಚಿಲ್ಲ. ಈ ಮಳೆಗಾಲ ಮುಗಿದ ಮೇಲೆ ನೋಡಿದಾಗ ಅದು ಬಂಪ್ ಸ್ಟಾಪಿಗಿಂತ 8 ಮಿ.ಮೀ. ಕೆಳಗೆ ನಿಂತಿತ್ತು.