ಬರೆ ಕುಸಿಯುವ ಹಿಂದಿನ ರಾತ್ರಿಯ ನಾಯಿ ಕಲಿಸಿದ ಇಂಗ್ಲಿಷ್

ನಾನು ಮಡಿಕೇರಿ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಪ್ರಕೃತಿ ವಿಕೋಪದ ಪದಗಳನ್ನು ಪ್ರಾಣಿಗಳ ಬಾಯಲ್ಲಿ ಹೇಳಿಸಿ ಕಲಿಸ್ತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ಯಾರೂ ಒಪ್ಪಲಿಲ್ಲ. "ಪರೀಕ್ಷೆಗೆ ಬರೋದು ಪದದ ಅರ್ಥ ಮೇಷ್ಟ್ರೇ, ನಾಟಕ ಅಲ್ಲ" ಅಂದರು. ಈಗ ಅವರೇ ನನ್ನ ಪ್ರಾಣಿ ಚೀಟಿಗಳನ್ನು ಕೇಳಿ ಜೆರಾಕ್ಸ್ ಮಾಡಿಸಿಕೊಂಡಿದ್ದಾರೆ.

ಮೊದಲ ವರ್ಷ ಬಾಯಿಪಾಠ ಮಾಡಿಸಿದೆ. 40 ಪದ. ಒಂದು ತಿಂಗಳು ಬಿಟ್ಟು ಕೇಳಿದರೆ ಒಬ್ಬೊಬ್ಬರಿಗೆ 9, 10 ನೆನಪಿತ್ತು. ಫ್ಲಡ್ ಅನ್ನು ಫುಡ್ ತರಹ 'ಫ್ಲೂಡ್' ಅಂತ ಓದುತ್ತಿದ್ದರು. ಆಮೇಲೆ ಬಣ್ಣದ ಫ್ಲಾಶ್ ಕಾರ್ಡ್ ಮಾಡಿಸಿದೆ. ಲ್ಯಾಮಿನೇಶನ್ ಸೇರಿ 1,800 ರೂಪಾಯಿ ಹೋಯ್ತು. ಒಂದು ಆ್ಯಪಿಗೆ ವರ್ಷಕ್ಕೆ 2,500 ಕಟ್ಟಿದೆ. ಅದರಲ್ಲಿದ್ದ ಹಿಮಪಾತ, ಸುಂಟರಗಾಳಿ ನಮ್ಮ ಮಕ್ಕಳಿಗೆ ಏನೂ ಅನ್ನಿಸಲಿಲ್ಲ.

ದೊಡ್ಡ ತಪ್ಪು ಮಾಡಿದ್ದು 2019ರಲ್ಲಿ. ಪ್ರೊಜೆಕ್ಟರ್‌ನಲ್ಲಿ ಗುಡ್ಡ ಕುಸಿಯುವ ವಿಡಿಯೋ ಹಾಕಿದೆ. ಎರಡನೇ ಬೆಂಚಿನ ಹುಡುಗಿ ಎದ್ದು ಹೊರಗೆ ಹೋದಳು. ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಹಿಂದೆ ಕೂತು ಅಳುತ್ತಿದ್ದಳು. 2018ರ ಆಗಸ್ಟ್‌ನಲ್ಲಿ ಅವರ ಮನೆಯ ಹಿಂದಿನ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಕುಸಿದಿತ್ತು. ಎಷ್ಟೋ ದಿನ ಗಂಜಿ ಕೇಂದ್ರದಲ್ಲಿದ್ದ ಮಗು. ನನಗೆ ಗೊತ್ತಿದ್ದೂ ಹೊಳೆಯಲಿಲ್ಲ. ವಿಡಿಯೋ ಅವತ್ತೇ ನಿಲ್ಲಿಸಿದೆ.

ನಾಲ್ಕು ದಿನ ಬಿಟ್ಟು ಅವಳೇ ಬಂದು ಹೇಳಿದಳು. "ಸಾರ್, ಬರೆ ಕುಸಿಯೋ ಹಿಂದಿನ ರಾತ್ರಿ ನಮ್ಮ ನಾಯಿ ಒಳಗೆ ಬರಲೇ ಇಲ್ಲ. ಗೇಟಿನ ಹತ್ರ ನಿಂತು ಬೊಗಳ್ತಾನೇ ಇತ್ತು." ತನ್ನ ಬಗ್ಗೆ ಒಂದು ಮಾತೂ ಆಡದ ಹುಡುಗಿ ನಾಯಿಯ ಬಗ್ಗೆ ಅರ್ಧ ಗಂಟೆ ಮಾತಾಡಿದಳು. ನನ್ನ ದಾರಿ ಅಲ್ಲಿಂದ ಶುರುವಾಯಿತು.

ಆಟ ಇಷ್ಟೇ. ಒಂದು ಮಗು ತನಗೆ ಸಿಕ್ಕ ಚೀಟಿಯಲ್ಲಿರುವ ಪ್ರಾಣಿಯಾಗುತ್ತದೆ. ವಿಕೋಪದ ಹೆಸರು ಹೇಳುವ ಹಾಗಿಲ್ಲ. ಮೂಗು, ಕಿವಿ, ಕಾಲಿಗೆ ಏನು ತಿಳಿಯಿತೋ ಅದನ್ನಷ್ಟೇ ಹೇಳಬೇಕು. "ಐ ಸ್ಮೆಲ್ ವೆಟ್ ಮಡ್. ಐ ಹಿಯರ್ ಎ ರಂಬಲ್. ದಿ ಗ್ರೌಂಡ್ ಈಸ್ ಶೇಕಿಂಗ್." ಉಳಿದವರು ಲ್ಯಾಂಡ್‌ಸ್ಲೈಡ್ ಅಂತ ಕಂಡುಹಿಡಿಯಬೇಕು. ಯಾವ ಪ್ರಾಣಿಯ ಚೀಟಿ ಯಾವ ಮಗುವಿಗೆ ಹೋಗಬೇಕು ಅನ್ನುವುದರಲ್ಲಿ ಒಂದು ಗುಟ್ಟಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಿಮ್ಮ ತರಗತಿಯಲ್ಲಿ ನೀವೇ ಹುಡುಕಿಕೊಳ್ಳಿ.

ಸೆನ್ಸ್, ಅಂದರೆ ಇಂದ್ರಿಯಗಳಿಂದ ಅರಿಯುವುದು, ಆ ಪದವೇ ಎರಡು ಪೀರಿಯಡ್ ತಿಂದಿತು. ಅರ್ಥ ಕೇಳಿದರೆ "ಬುದ್ಧಿ ಸಾರ್" ಅಂದರು. 'ಸೆನ್ಸ್ ಇಲ್ವಾ ನಿಂಗೆ' ಅಂತ ದಿನಾ ಬೈಸಿಕೊಳ್ಳುವವರು ಅಲ್ವಾ! 'ಫೀಲ್ ಆಯ್ತು' ಅಂದರೆ ಬೇಜಾರು. 'ಟಚ್ ಬಿಟ್ಟುಹೋಗಿದೆ' ಅಂದರೆ ಅಭ್ಯಾಸ ತಪ್ಪಿದೆ. 'ಸ್ಮೆಲ್ ಬರ್ತಿದೆ' ಅಂದರೆ ಕೆಟ್ಟ ವಾಸನೆಯೇ. ಪದಗಳೆಲ್ಲ ಮಕ್ಕಳ ಬಾಯಲ್ಲಿ ಆಗಲೇ ಇದ್ದವು, ಅರ್ಥ ಮಾತ್ರ ಬೇರೆ ಕಡೆ ಹೋಗಿತ್ತು. ಹಾಗಾಗಿ ಹೊಸ ಪದಕ್ಕೆ ಮೊದಲು ಈ ನಾಲ್ಕನ್ನು ಸರಿಮಾಡಿ. ಇದನ್ನು ಬಿಟ್ಟು ಮುಂದೆ ಹೋದರೆ ಸುಮ್ನೆ ಶ್ರಮ.

ವೈಬ್ರೇಶನ್ ಕಲಿಸಲು ಪೆಂಡಾಲಿನವರ ಹತ್ತಿರ ಸೌಂಡ್ ಬಾಕ್ಸ್ ಬಾಡಿಗೆಗೆ ತಂದೆ. 300 ರೂಪಾಯಿ. ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಒಂದು ಹಿಡಿ ಅಕ್ಕಿ. ದಪ್ಪ ಸದ್ದು ಬಿಟ್ಟಾಗ ಅಕ್ಕಿ ಕಾಳು ಕುಣಿದು ತಟ್ಟೆಯ ಅಂಚಿಗೆ ಸರಿದವು. ಸದ್ದನ್ನು ಇನ್ನೂ ದಪ್ಪ ಮಾಡಿದೆ. ಒಬ್ಬ ಹುಡುಗ ಬಾಕ್ಸಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡ. "ಕಿವಿಗೆ ಕಮ್ಮಿ ಸಾರ್, ಕೈಗೆ ಜಾಸ್ತಿ" ಅಂದ. ನಮ್ಮ ಕಿವಿಗೆ ಸುಮಾರು 20 ಹರ್ಟ್ಜ್‌ಗಿಂತ (ಸೆಕೆಂಡಿಗೆ 20 ಕಂಪನ) ಕೆಳಗಿನ ಸದ್ದು ಕೇಳುವುದಿಲ್ಲ, ಆನೆಗೆ ಕೇಳುತ್ತದೆ, ನೆಲದ ನಡುಕವೂ ಕಾಲಿಗೆ ತಿಳಿಯುತ್ತದೆ ಅಂದೆ. ತೋಟಕ್ಕೆ ಆನೆ ಬರುವ ಊರು ನಮ್ಮದು. ಟ್ರೆಮರ್ (ನಡುಕ), ವೈಬ್ರೇಟ್, ಇನ್‌ಫ್ರಾಸೌಂಡ್ (ನಮ್ಮ ಕಿವಿಗೆ ಕೇಳದ ದಪ್ಪ ಸದ್ದು) ಮೂರನ್ನೂ ಆಮೇಲೆ ಯಾರೂ ಮರೆಯಲಿಲ್ಲ.

ಒಂದು ಎಚ್ಚರಿಕೆ. 2004ರ ಸುನಾಮಿಯಲ್ಲಿ ಶ್ರೀಲಂಕಾದ ಯಾಲ ಕಾಡಿನಲ್ಲಿ ಸತ್ತ ಪ್ರಾಣಿಗಳು ಹೆಚ್ಚು ಸಿಗಲಿಲ್ಲ ಎಂಬ ಸುದ್ದಿ ಹೇಳಿದೆ. ಮಕ್ಕಳು ತಕ್ಷಣ "ಆ್ಯನಿಮಲ್ಸ್ ಪ್ರೆಡಿಕ್ಟ್" ಅಂತ ಬರೆದರು. ಪ್ರಾಣಿಗಳು ಮೊದಲೇ ಹೇಳಬಲ್ಲವು ಅನ್ನುವುದು ಸಾಬೀತಾಗಿಲ್ಲ. ಹಾಗಾಗಿ 'ಮೇ ಸೆನ್ಸ್' (ಅರಿಯಬಹುದು), 'ಸೀಮ್ ಟು ಸೆನ್ಸ್' (ಅರಿತಂತೆ ಕಾಣುತ್ತವೆ) ಅಂತ ತಿದ್ದಿಸಿದೆ. ಮೇ, ಮೈಟ್, ಸೀಮ್ ಪಾಠ ಅಲ್ಲೇ ಆಗಿಹೋಯಿತು, ಗ್ರಾಮರ್ ಪೀರಿಯಡ್ ಉಳಿಯಿತು.

ಪದದ ಮೂಲವನ್ನೂ ಸ್ವಲ್ಪ ಕೆದಕಿದೆ. ಸೈಕ್ಲೋನ್ ಅನ್ನುವ ಪದ ಕಟ್ಟಿದ್ದು 1840ರ ದಶಕದಲ್ಲಿ, ಕಲ್ಕತ್ತದಲ್ಲಿದ್ದು ಬಿರುಗಾಳಿಗಳ ಅಧ್ಯಯನ ಮಾಡುತ್ತಿದ್ದ ಹೆನ್ರಿ ಪಿಡಿಂಗ್ಟನ್. ಹಾವಿನ ಸುರುಳಿಯ ಗ್ರೀಕ್ ಪದ ಅವನ ಮನಸ್ಸಿನಲ್ಲಿತ್ತು. ಬೋರ್ಡಿನ ಮೇಲೆ ಸುರುಳಿ ಸುತ್ತಿದ ಹಾವು ಬರೆದೆ, ಸಾಕಾಯಿತು. ಡಿಸಾಸ್ಟರ್ ಅಂದರೆ ಮೂಲದಲ್ಲಿ ಕೆಟ್ಟ ನಕ್ಷತ್ರ ಅಂದಾಗ ಒಬ್ಬಳು "ನಮ್ಮಜ್ಜಿ ಗ್ರಹಚಾರ ಅಂತಾರಲ್ಲ ಸಾರ್, ಅದೇ" ಅಂದಳು. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ಹೊಳೆದಿರಲಿಲ್ಲ.

ಮೂರು ತಿಂಗಳು ಬಿಟ್ಟು, ಹೇಳದೇ ಕೇಳದೇ ಅದೇ 40 ಪದ ಕೊಟ್ಟೆ. ಸರಾಸರಿ 27, 28 ಬಂತು. ಡ್ರೌಟ್ ಮಾತ್ರ ಇನ್ನೂ ಕಷ್ಟ. ನಮ್ಮ ಮಳೆ ಊರಿನ ಮಕ್ಕಳಿಗೆ ಬರ ಯಾವ ಪ್ರಾಣಿಯ ಮೂಲಕ ಹೇಳಬೇಕೋ ಹುಡುಕುತ್ತಿದ್ದೇನೆ.

ಆ ಹುಡುಗಿ ವರ್ಷದ ಕೊನೆಗೆ ನಾಯಿಯ ಚೀಟಿ ತಾನೇ ಕೇಳಿ ತೆಗೆದುಕೊಂಡಳು. ಎಂಟು ವಾಕ್ಯ ಹೇಳಿದಳು. ಮನೆಯವರನ್ನು ಬೇರೆ ಕಡೆ ಸಾಗಿಸಿದ್ದನ್ನು ಹೇಳುವ ಕೊನೆಯ ಎರಡು, "ದೇ ವರ್ ಇವ್ಯಾಕ್ಯುಯೇಟೆಡ್. ಐ ವೇಟೆಡ್ ಅಟ್ ದಿ ಗೇಟ್."