ಎನ್‌ಪಿಎಸ್ ಖಾತೆಯನ್ನು ಯಾರ ಬಳಿ ತೆರೆಯಬೇಕು?

ಮಲ್ಲೇಶ್ವರದಲ್ಲಿ ನಮ್ಮ ಚಿಕ್ಕಪ್ಪನದು ಸಣ್ಣ ಟೈಲರ್ ಅಂಗಡಿ. ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಹತ್ತು ವರ್ಷದ ಹಿಂದೆ ಪರಿಚಯದ ಬ್ಯಾಂಕ್ ಅಧಿಕಾರಿಯೊಬ್ಬರ ಮಾತು ಕೇಳಿ ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯ ಖಾತೆ ತೆರೆದರು. ಕಳೆದ ವರ್ಷ ಮೊಬೈಲ್ ನಂಬರ್ ಬದಲಾಯಿತು, ಒಟಿಪಿ ಬರುವುದು ನಿಂತಿತು. ಅರ್ಜಿ ತುಂಬಿಕೊಂಡು ಅದೇ ಶಾಖೆಗೆ ಹೋದರೆ, ಕೌಂಟರಿನ ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಅಂಕಲ್, ಇದು ನಮ್ಮ ಬ್ರಾಂಚಲ್ಲಿ ಆಗಲ್ಲ' ಎಂದ. ಖಾತೆ ತೆರೆಸಿದ್ದ ಅಧಿಕಾರಿ ವರ್ಗವಾಗಿ ಹೋಗಿ ಎಷ್ಟೋ ವರ್ಷವಾಗಿತ್ತು. ಅಂಗಡಿ ಬಾಗಿಲು ಹಾಕಿಕೊಂಡು ಚಿಕ್ಕಪ್ಪ ಮೂರು ಸಲ ಅಲೆದರು. ನಿಮಗೆ ಹೀಗಾಗಬಾರದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಎನ್‌ಪಿಎಸ್‌ನಲ್ಲಿ ನೀವು ಆರಿಸುವುದು ಒಬ್ಬರನ್ನಲ್ಲ, ಮೂವರನ್ನು. ಖಾತೆ ತೆರೆದುಕೊಡುವ ಬ್ಯಾಂಕ್, ಅಂಚೆ ಕಚೇರಿ ಅಥವಾ ಏಜೆನ್ಸಿ ಒಂದು. ಲೆಕ್ಕ ಇಡುವ ಸಂಸ್ಥೆ ಇನ್ನೊಂದು. ಪ್ರೋಟಿಯನ್, ಕೆಫಿನ್‌ಟೆಕ್, ಕ್ಯಾಮ್ಸ್ ಈ ಕೆಲಸ ಮಾಡುತ್ತವೆ. ಹಣವನ್ನು ಹೂಡುವ ಪಿಂಚಣಿ ಫಂಡ್ ಮೂರನೆಯದು. ಇವೆಲ್ಲದರ ಮೇಲೆ ಕಣ್ಣಿಟ್ಟಿರುವುದು ಪಿಂಚಣಿ ನಿಯಂತ್ರಣ ಪ್ರಾಧಿಕಾರವಾದ ಪಿಎಫ್‌ಆರ್‌ಡಿಎ. 2009ರ ಮೇ 1ರಿಂದ ಈ ಯೋಜನೆ ಎಲ್ಲ ನಾಗರಿಕರಿಗೂ ತೆರೆದಿದೆ. ಬ್ಯಾಂಕಿನಲ್ಲಿ ಖಾತೆ ತೆರೆದ ಮಾತ್ರಕ್ಕೆ ಹಣ ಆ ಬ್ಯಾಂಕಿನಲ್ಲಿ ಇರುವುದಿಲ್ಲ.

ಹೆಜ್ಜೆ 1: ಕಂಪನಿಯಲ್ಲಿ ಕೇಳಿ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆ ನೌಕರಿಯಲ್ಲಿದ್ದರೆ ಮೊದಲು ಎಚ್‌ಆರ್ ಬಳಿ ವಿಚಾರಿಸಿ. ಕಂಪನಿಯ ಮೂಲಕ ಎನ್‌ಪಿಎಸ್ ಇದ್ದರೆ, ಮೂಲ ವೇತನ ಮತ್ತು ಡಿಎಯ ಶೇ 14ರವರೆಗೆ ಕಂಪನಿ ಕಟ್ಟುವ ಮೊತ್ತಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇದೆ. ನೀವೇ ಕಟ್ಟುವ ಹೆಚ್ಚುವರಿ 50,000 ರೂಪಾಯಿಯ ವಿನಾಯಿತಿ ಸಿಗುವುದು ಹಳೆಯ ಪದ್ಧತಿಯಲ್ಲಿ ಮಾತ್ರ.

ಹೆಜ್ಜೆ 2: ಕೌಂಟರೋ, ಆನ್‌ಲೈನೋ?

ಹೆಚ್ಚು ಯೋಚಿಸಬೇಕಾದ್ದು ಇಲ್ಲಿಯೇ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಇದ್ದು ಒಟಿಪಿ ಹಾಕಲು ಬರುತ್ತಿದ್ದರೆ ಆನ್‌ಲೈನ್ ತಾಣವಾದ ಇಎನ್‌ಪಿಎಸ್‌ನಲ್ಲಿ ನೀವೇ ತೆರೆಯಿರಿ, ಅದೇ ನನ್ನ ಸಲಹೆ. ಖರ್ಚು ಕಡಿಮೆ, ಅಧಿಕಾರಿ ವರ್ಗವಾದರೂ ಚಿಂತೆ ಇಲ್ಲ.

ಕೌಂಟರಿನಲ್ಲೇ ಕಟ್ಟುವವರು ಶುಲ್ಕದ ಲೆಕ್ಕ ಹಾಕಿಕೊಳ್ಳಿ. ಪ್ರತಿ ಕಂತಿಗೆ ಗರಿಷ್ಠ ಶೇ 0.50 ಎಂದು ಮಿತಿ ಇದೆ, ಆದರೆ ಕನಿಷ್ಠ 30 ರೂಪಾಯಿ. ತಿಂಗಳಿಗೆ 500 ಕಟ್ಟಿದರೆ ಆ 30 ರೂಪಾಯಿ ಎಂದರೆ ಶೇ 6! ಮೂರು ತಿಂಗಳದ್ದನ್ನು ಸೇರಿಸಿ 1,500 ಕಟ್ಟಿದರೆ ಶೇ 2ಕ್ಕೆ ಇಳಿಯುತ್ತದೆ. ಸಣ್ಣ ದುಡಿಮೆಯವರಿಗೆ ಇದನ್ನು ಯಾರೂ ಹೇಳುವುದಿಲ್ಲ, ನನಗೆ ಬೇಸರವಾಗುವುದು ಅದಕ್ಕೇ.

ಅರ್ಜಿ ಕೊಡುವ ಮೊದಲು ಇಷ್ಟು ಕೇಳಿ: ವಿಳಾಸ, ಮೊಬೈಲ್, ನಾಮಿನಿ ಬದಲಾವಣೆ ಈ ಶಾಖೆಯಲ್ಲೇ ಆಗುತ್ತದೆಯೇ? ಎನ್‌ಪಿಎಸ್ ನೋಡಿಕೊಳ್ಳುವವರು ರಜೆಯಲ್ಲಿದ್ದರೆ ಬೇರೆ ಯಾರು ಮಾಡಿಕೊಡುತ್ತಾರೆ? ಉತ್ತರ ತಡವರಿಸಿದರೆ ಎದ್ದು ಬನ್ನಿ.

'ಇದಕ್ಕಿಂತ ಒಳ್ಳೆ ಪೆನ್ಷನ್ ಪ್ಲಾನ್ ಇದೆ ಸರ್' ಎಂದು ವಿಮೆ ಪಾಲಿಸಿ ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. ಈಗಾಗಲೇ ಹಾಕಿದ್ದರೆ, ಪಾಲಿಸಿ ಕೈಸೇರಿದ 30 ದಿನದೊಳಗೆ ಹಿಂತಿರುಗಿಸಬಹುದು.

ಹೆಜ್ಜೆ 3: ಲೆಕ್ಕದ ಸಂಸ್ಥೆ, ಫಂಡ್

ಲೆಕ್ಕ ಇಡುವ ಮೂರರಲ್ಲೂ ನಿಯಮ ಒಂದೇ. ವಾರ್ಷಿಕ ಶುಲ್ಕ ಹೋಲಿಸಿ, ಆ್ಯಪ್ ಬಳಸಲು ಸುಲಭವೇ ನೋಡಿ, ಒಂದನ್ನು ಹಿಡಿಯಿರಿ.

ಫಂಡ್ ಆಯ್ಕೆಯಲ್ಲಿ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಸ್‌ಬಿಐ, ಎಲ್‌ಐಸಿ, ಯುಟಿಐ, ಎಚ್‌ಡಿಎಫ್‌ಸಿ, ಐಸಿಐಸಿಐ ಹೀಗೆ ಹಲವು ಇವೆ. ಎನ್‌ಪಿಎಸ್ ಟ್ರಸ್ಟ್‌ನ ಜಾಲತಾಣದಲ್ಲಿ ಎಲ್ಲ ಫಂಡ್‌ಗಳ ಗಳಿಕೆ ಪಕ್ಕಪಕ್ಕದಲ್ಲಿ ಸಿಗುತ್ತದೆ. ಒಂದು ವರ್ಷದ್ದನ್ನು ಬಿಟ್ಟು ಐದು, ಹತ್ತು ವರ್ಷದ್ದನ್ನು ನೋಡಿ. ಫಂಡ್‌ಗಿಂತ ದೊಡ್ಡ ನಿರ್ಧಾರ ಷೇರಿಗೆ ಎಷ್ಟು, ಸಾಲಪತ್ರಕ್ಕೆ ಎಷ್ಟು ಎಂಬುದು. ಅದು ತಿಳಿಯದಿದ್ದರೆ ವಯಸ್ಸಾದಂತೆ ಷೇರಿನ ಪಾಲು ತಾನಾಗಿ ಇಳಿಯುವ 'ಆಟೋ ಚಾಯ್ಸ್' ಸಾಕು.

ಆಯ್ಕೆ ತಪ್ಪಿದರೆ ಹೆದರಬೇಕಿಲ್ಲ. ನಿಮ್ಮ ಎನ್‌ಪಿಎಸ್ ಖಾತೆಯ 12 ಅಂಕಿಯ ಪ್ರಾನ್ ಸಂಖ್ಯೆ ಹಾಗೇ ಉಳಿಸಿಕೊಂಡು ಬ್ಯಾಂಕ್, ಲೆಕ್ಕದ ಸಂಸ್ಥೆ, ಫಂಡ್ ಮೂರನ್ನೂ ಬದಲಿಸಬಹುದು. ನಿವೃತ್ತಿಗೆ ಮುಂಚೆ ಹಣ ಬೇಕೆಂದಾಗ ಸುಲಭಕ್ಕೆ ಸಿಗುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಮಗಳ ಮದುವೆಗೆಂದು ಕೂಡಿಡುವ ದುಡ್ಡನ್ನು ಇಲ್ಲಿ ಹಾಕಬೇಡಿ.

ಹೆಜ್ಜೆ 4: ತೆರೆದ ವಾರದಲ್ಲೇ

ಲಾಗಿನ್ ಆಗಿ ಹೆಸರಿನ ಅಕ್ಷರ, ಮೊಬೈಲ್, ಬ್ಯಾಂಕ್ ಖಾತೆ, ನಾಮಿನಿ ಸರಿಯಿದೆಯೇ ನೋಡಿ. ಚಿಕ್ಕಪ್ಪನ ನಂಬರ್ ಸರಿಹೋದ ದಿನ ನಾನು ಅವರ ಅಂಗಡಿಯಲ್ಲೇ ಕೂತು ಖಾತೆ ತೆರೆದು ನೋಡಿದೆ. ನಾಮಿನಿ ಜಾಗದಲ್ಲಿ ಅಜ್ಜಿಯ ಹೆಸರಿತ್ತು. ಅಜ್ಜಿ ತೀರಿಕೊಂಡು ಆರು ವರ್ಷ. ಹೊಲಿಗೆ ಮೆಷಿನ್ ನಿಲ್ಲಿಸಿ ಚಿಕ್ಕಪ್ಪ ಕನ್ನಡಕ ಹಾಕಿಕೊಂಡರು, ಚಿಕ್ಕಮ್ಮನ ಹೆಸರನ್ನು ಅಕ್ಷರ ಅಕ್ಷರವಾಗಿ ತಾವೇ ಒತ್ತಿದರು.